ಮನೆಯಲ್ಲಿ ಬೆಳೆದ ಮರಗಳು

ಜನವರಿ 4

ಪ್ರೀತಿಯ ಮಗಳಿಗೆ,

ನಿನ್ನ ಪತ್ರ ಬಂದು ಆರು ದಿನವಾಯಿತು. ಕವರಿನ ಮೇಲೆ ನಿನ್ನ ಅಕ್ಷರ ಕಂಡು ಕನ್ನಡಕ ಒರೆಸಿಕೊಂಡೆ. ಆಮೇಲೆ ಯಾಕೋ ಕವರನ್ನೂ ಒರೆಸಿದೆ. ಫೋನಿನಲ್ಲಿ ನಮ್ಮಿಬ್ಬರ ಮಾತು ‘ಊಟ ಆಯ್ತಾ’ ದಾಟಿ ಮುಂದೆ ಹೋಗುವುದಿಲ್ಲ. ನಿನ್ನ ಅಮ್ಮ ಹೋದಂದಿನಿಂದ ಈ ಒಂಬತ್ತು ವರ್ಷವೂ ಹಾಗೇ. ಈಗ ನೋಡಿದರೆ ಎರಡು ಪುಟದ ಕಾಗದ, ಅದರಲ್ಲಿ ಸಾಲಿಗೊಂದು ‘ನೀವು’. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಸಿಗದ ಬಡ್ತಿಯನ್ನು ಮಗಳು ಕೊಟ್ಟಿದ್ದಾಳೆ. ಥ್ಯಾಂಕ್ ಯು ವೆರಿ ಮಚ್.

ವಿಮಾನದಿಂದ ರೇಡಾರ್ ಹಾಯಿಸಿ ಕಾಡಿನ ನೆತ್ತಿಯನ್ನು ಅಳೆಯುವ ಗುಂಪಿನಲ್ಲಿ ನಿನಗೆ ಕೆಲಸ ಸಿಕ್ಕಿದ್ದು ಸಂತೋಷ. ಸಂತೋಷವೆಂದರೆ, ಎದ್ದು ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಅಪ್ಪ ಕೆಳಗೆ ನಿಂತು ಕತ್ತು ನೋಯಿಸಿಕೊಂಡು ಅಳೆದ ಕಾಡನ್ನು ಮಗಳು ಮೇಲಿನಿಂದ ಅಳೆಯುತ್ತಾಳೆ. ಕಾಲೇಜಿನಲ್ಲಿ ನಮಗೆ ಟ್ರಿಗ್ನಾಮೆಟ್ರಿ ಹೇಳುತ್ತಿದ್ದವರು ‘ಲೆಟ್ ಎಬಿ ಬಿ ದಿ ಟವರ್’ ಎಂದು ಶುರು ಮಾಡುತ್ತಿದ್ದರು. ಆ ಟವರು ಯಾವ ಊರಿನದು, ಯಾರು ಕಟ್ಟಿಸಿದ್ದು, ಒಂದನ್ನೂ ಹೇಳಲಿಲ್ಲ. ನಾನು ಅದೇ ಲೆಕ್ಕವನ್ನು ಮರಗಳಿಗೆ ಹಾಕಿ ಹೊಟ್ಟೆ ಹೊರೆದೆ. ಮರದಿಂದ ಇಪ್ಪತ್ತು ಮೀಟರ್ ದೂರ ನಿಲ್ಲು, ಕೋನ ನೋಡುವ ಯಂತ್ರವನ್ನು ಕಣ್ಣಿಗಿಡು, ತುದಿ ನೋಡು, ಬುಡ ನೋಡು, ಮೂರು ಸಲ ನೋಡಿ ಸರಾಸರಿ ಹಾಕಿ ಸೆಂಟಿಮೀಟರಿನವರೆಗೆ ಬರೆ. ಇಂಗ್ಲಿಷ್ ಲೆಕ್ಚರರಿಗೆ ಮಾತ್ರ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಪ್ರಬಂಧದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ‘ವೇರ್ ಈಸ್ ದಿ ಪಾಯಿಂಟ್?’ ಎಂದು ಬರೆದಿದ್ದರು. ನೀನೂ ಅದನ್ನೇ ಕೇಳುತ್ತಿರಬಹುದು. ಬಂದೆ.

ಒಂಬತ್ತು ವರ್ಷದ ಹಿಂದೆ ನಮ್ಮ ಕಾಡಿನ ಮೇಲೆ ಹಾರಿದ ವಿಮಾನದ ದಾಖಲೆ ನಿನ್ನ ಪಾಲಿಗೆ ಬಂದಿದೆ, ಅದನ್ನು ತಾಳೆ ನೋಡಲು ಅದೇ ವಾರಗಳಲ್ಲಿ ನಾನು ಕೆಳಗೆ ಅಳೆದ, ಮರಮರಕ್ಕೂ ನಂಬರು ಹಾಕಿದ ಕಾಡಿನ ಹನ್ನೆರಡು ಪ್ಲಾಟುಗಳ ಅಂಕಿ ಬೇಕು ಎಂದಿದ್ದೀ. ಪಕ್ಕಾ ಪ್ರತಿ ನನ್ನ ಹಳೆಯ ಆಫೀಸಿನಿಂದ ನಿನಗೆ ಸಿಕ್ಕಿಯೇ ಇದೆ. ಹಾಗಿರುವಾಗ ಕಾಡಿನಲ್ಲಿ ಕೈಯಲ್ಲಿ ಹಿಡಿದು ಬರೆದ ಕಚ್ಚಾ ಪುಸ್ತಕ ಯಾಕೆ? ಅದು ಟ್ರಂಕಿನಲ್ಲಿದೆ. ಟ್ರಂಕಿನ ಬೀಗದ ಕೈ ಸಿಗುತ್ತಿಲ್ಲ. ಪಕ್ಕಾ ಪ್ರತಿಯ ಕೆಳಗೆ ನನ್ನ ರುಜು ಇದೆಯಲ್ಲ. ಆಫೀಸಿನಲ್ಲಿ ಈಗಲೂ ‘ಅಳತೆಯವರು ರುಜು ಹಾಕಿದಾರಾ, ಹಾಗಾದ್ರೆ ಮುಗೀತು’ ಅನ್ನುತ್ತಾರಂತೆ. ಹೊಸಬರಿಗೆ ಪಾಠ ಹೇಳಲು ಗುರುವಾರ ಗುರುವಾರ ಇಂದಿಗೂ ನನ್ನನ್ನೇ ಕರೆಯುತ್ತಾರೆ.

ಕಿಟಕಿಯಿಂದ ಕಾಣುವ ನೀರಿನ ಟ್ಯಾಂಕು ಹದಿನಾಲ್ಕು ಮೀಟರ್ ಮೂವತ್ತು ಸೆಂಟಿಮೀಟರ್. ಬೆಳಗಿನಿಂದ ಮೂರು ಸಲ ನೋಡಿದೆ.

ನಿನ್ನ
ಅಪ್ಪ

•

ಜನವರಿ 20

ಅಪ್ಪ,

ಟ್ರಂಕಿನ ಬೀಗ ಒಡೆಸಿ. ನಿಮ್ಮ ಬೀದಿಯಲ್ಲೇ ಸೈಕಲ್ ರಿಪೇರಿಯವನಿದ್ದಾನೆ, ಎರಡು ನಿಮಿಷದ ಕೆಲಸ.

ಕಚ್ಚಾ ಪುಸ್ತಕ ಯಾಕೆ ಬೇಕು ಎಂದು ಬಿಡಿಸಿ ಹೇಳುತ್ತೇನೆ. ವಿಮಾನದ ಹೊಟ್ಟೆಯಿಂದ ರೇಡಾರ್ ಅಲೆಗಳು ಓರೆಯಾಗಿ ಕೆಳಗಿಳಿಯುತ್ತವೆ. ಗಿಡ್ಡ ಅಲೆ ಕಾಡಿನ ಮೇಲಿನ ಎಲೆಗಳಿಗೇ ತಗುಲಿ ವಾಪಸು ಬರುತ್ತದೆ. ಉದ್ದದ ಅಲೆ ಎಲೆ ದಾಟಿ, ಕೊಂಬೆ ದಾಟಿ, ನೆಲ ಮುಟ್ಟಿ ಬರುತ್ತದೆ. ಎರಡರ ನಡುವಿನ ಅಂತರವೇ ಕಾಡಿನ ಎತ್ತರ. ಮೋಡ ಕವಿದಿದ್ದರೂ ಚಿಂತೆಯಿಲ್ಲ. ಆದರೆ ನಾವು ಹೇಳುವ ಎತ್ತರ ಸರಿಯೇ ಎಂದು ಹೇಳಬೇಕಾದವರು ಕೆಳಗೆ ನಿಂತು ಅಳೆದವರು. ಈ ಹಾರಾಟದ ಮಟ್ಟಿಗೆ ಅದು ನೀವೊಬ್ಬರೇ.

ಒಂದರಿಂದ ನಾಲ್ಕನೆಯ ಪ್ಲಾಟಿನವರೆಗೆ ನಿಮ್ಮ ಅಂಕಿ, ನನ್ನ ಅಂಕಿ ಅರ್ಧ ಮೀಟರಿನೊಳಗೆ ಕೂಡುತ್ತವೆ. ನಮ್ಮ ಮುಖ್ಯಸ್ಥೆ ಅದನ್ನು ನೋಡಿ ನಿಮ್ಮಪ್ಪನಿಗೆ ಏಣಿ ಇತ್ತಾ ಎಂದು ಕೇಳಿದರು. ಐದನೆಯದರಿಂದ ಎಲ್ಲ ತಲೆಕೆಳಗು. ರೇಡಾರಿನಲ್ಲಿ ಕಾಡು ನಿಮ್ಮ ಪುಸ್ತಕಕ್ಕಿಂತ ಐದಾರು ಮೀಟರ್ ಕುಳ್ಳು. ಆರನೆಯ ಪ್ಲಾಟಿನ ಅರವತ್ತೊಂದನೆಯ ಮರ ನಿಮ್ಮಲ್ಲಿ ನಲವತ್ತೊಂದು ಮೀಟರ್. ನನ್ನ ಚಿತ್ರದಲ್ಲಿ ಆ ಜಾಗದಲ್ಲಿ ಒಂದು ತೂತು. ಆ ಮರ ಬಿದ್ದದ್ದನ್ನೂ ಸುತ್ತಲಿನವು ಮುರಿದದ್ದನ್ನೂ ನೀವು ಮರುವರ್ಷದ ಪುಸ್ತಕದಲ್ಲಿ ಬರೆದಿದ್ದೀರಿ, ‘ಈ ವರ್ಷದ ಗಾಳಿಗೆ’ ಎಂದು. ನಮ್ಮ ವಿಮಾನ ಭವಿಷ್ಯ ನೋಡಿ ಬಂದಿದೆ ಎಂದು ಊಟದ ಟೇಬಲಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಇಲ್ಲಿಗೆ ಬರುವ ಮೊದಲೇ ನಾಲ್ಕು ವರ್ಷ ಕೂತು ಕಟ್ಟಿದ ಲೆಕ್ಕ ನನ್ನದು.

ಐದರಿಂದ ಹನ್ನೆರಡು ಎಲ್ಲವೂ ಗುಡ್ಡದ ಇಳಿಜಾರಿನಲ್ಲಿವೆ. ಇಳಿಜಾರಿನಲ್ಲಿ ನನ್ನ ವಿಧಾನ ಸೋಲುತ್ತದೆ ಎಂಬುದು ಮುಖ್ಯಸ್ಥೆಯ ಅಭಿಪ್ರಾಯ. ಪಕ್ಕಾ ಪ್ರತಿ ಮಾಡುವಾಗ ಎಲ್ಲಾದರೂ ಸಾಲು ತಪ್ಪಿದೆಯೇ ಎಂದು ಕಚ್ಚಾ ಪುಸ್ತಕ ನೋಡಿದರೆ ತಿಳಿಯುತ್ತದೆ.

ಇನ್ನೊಂದು ಮಾತು. ಫೆಬ್ರವರಿ 17ರ ಹಾರಾಟದ ಗೆರೆ ಆರನೆಯ ಪ್ಲಾಟಿನ ನೆತ್ತಿಯ ಮೇಲೆಯೇ ಹೋಗಿದೆ. ನಿಮ್ಮ ಪುಸ್ತಕದಲ್ಲೂ ಆ ದಿನ ಆರನೆಯ ಪ್ಲಾಟು. ರೇಡಾರಿನಲ್ಲಿ ಮನುಷ್ಯರು ಕಾಣುವುದಿಲ್ಲ, ಗೊತ್ತು. ಆದರೂ ಆ ತುಣುಕನ್ನು ದೊಡ್ಡದು ಮಾಡಿ ನೋಡುತ್ತಾ ಕೂತಿದ್ದೆ.

ಮಗಳು

•

ಫೆಬ್ರವರಿ 5

ಪ್ರೀತಿಯ ಮಗಳಿಗೆ,

ಕಾಲು ಸುಟ್ಟ ಬೆಕ್ಕಿನ ಹಾಗೆ ಆಗಿದ್ದೇನೆ. ಇರುವುದು ಎರಡು ಕೋಣೆ. ಟ್ರಂಕನ್ನು ಈ ಕೋಣೆಯಿಂದ ಆ ಕೋಣೆಗೆ ಎಳೆದೆ, ಅಲ್ಲಿ ಕಾಲಿಗೆ ಎಡತಾಕಿತೆಂದು ಇಲ್ಲಿಗೆ ಎಳೆದೆ. ಕೆಳಗಿನ ಮನೆಯವರು ಮೇಲೆ ಬಂದು, ಮನೆ ಬದಲಾಯಿಸುತ್ತಿದ್ದೀರಾ ಎಂದು ವಿಚಾರಿಸಿ ಹೋದರು. ಸೈಕಲಿನವನು ಮದುವೆಗೆಂದು ಹೋದವನು ಬಂದಿಲ್ಲ.

ಟು ಬಿ ಫ್ರಾಂಕ್, ಇಳಿಜಾರು ಎಂಬುದು ಮಹಾ ಮೋಸದ ಜಾಗ. ಮೇಲಿನ ಕಡೆ ನಿಂತು ನೋಡಿದರೆ ಮರ ಕುಳ್ಳು, ಕೆಳಗಿನ ಕಡೆ ನಿಂತರೆ ಲಂಬು. ಅದಕ್ಕೇ ನಾನು ಯಾವಾಗಲೂ ಮರದ ಮಟ್ಟಕ್ಕೇ ಅಡ್ಡಲಾಗಿ ನಡೆದು ನಿಲ್ಲುತ್ತಿದ್ದೆ. ಗುರುವಾರದ ಪಾಠದಲ್ಲಿ ಇದನ್ನೇ ಅರ್ಧ ಗಂಟೆ ಹೇಳುತ್ತೇನೆ. ಮನುಷ್ಯನಿಗೇ ಇಷ್ಟು ಕಷ್ಟವಾದರೆ, ಅಷ್ಟು ಎತ್ತರದಲ್ಲಿ ಅಷ್ಟು ಜೋರಾಗಿ ಹೋಗುವ ಯಂತ್ರಕ್ಕೆ ಎಷ್ಟಾಗಬೇಡ? ವಿತ್ ಡ್ಯೂ ರೆಸ್ಪೆಕ್ಟ್, ನಿನ್ನ ಮುಖ್ಯಸ್ಥೆ ಹೇಳುವುದರಲ್ಲಿ ಅರ್ಥವಿದೆ. ನಿನ್ನ ಲೆಕ್ಕ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಇಳಿಜಾರಿಗೆ ಒಂದಿಷ್ಟು ತಿದ್ದುಪಡಿ ಬೇಕೇನೋ.

ವಿಮಾನ ಆ ದಿನ ಹೋದದ್ದು ನಿಜ. ಸದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಬೆಳಗ್ಗೆ ಹತ್ತೂವರೆಗೆ ಒಂದು ಸಲ, ಹನ್ನೊಂದಕ್ಕೆ ಇನ್ನೊಂದು ಸಲ. ಅಂಕಿಗಳನ್ನು ನಂಬು.

ಇಲ್ಲಿ ಎಲ್ಲ ಚೆನ್ನಾಗಿದೆ. ಹಲ್ಲೊಂದು ಅಲುಗುತ್ತಿದೆ.

ನಿನ್ನ
ಅಪ್ಪ

•

ಫೆಬ್ರವರಿ 24

ಅಪ್ಪ,

ನಿಮ್ಮ ಮಾತನ್ನು ನಂಬಿದೆವು. ವಿಮಾನದ ಸಮಯವೂ ನೀವು ಹೇಳಿದಂತೆಯೇ ಇದೆ: ಹತ್ತು ಮೂವತ್ತೆರಡು, ಹನ್ನೊಂದು ಐದು. ಅದನ್ನು ಮುಖ್ಯಸ್ಥೆಗೆ ತೋರಿಸಿದಾಗ ಇಷ್ಟು ಕರಾರುವಾಕ್ಕಾದ ಮನುಷ್ಯ ಎಂಟು ಪ್ಲಾಟು ತಪ್ಪು ಅಳೆಯಲು ಸಾಧ್ಯವಿಲ್ಲ ಎಂದರು. ತಪ್ಪು ನನ್ನ ಲೆಕ್ಕದ್ದೇ ಎಂದಾಯಿತು.

ನಿಮ್ಮ ಅಂಕಿಗೆ ಕೂಡುವ ಹಾಗೆ ಇಳಿಜಾರಿನ ತಿದ್ದುಪಡಿ ಸೇರಿಸುತ್ತಿದ್ದೇನೆ. ಏಪ್ರಿಲ್ 12ಕ್ಕೆ ಸಭೆ. ಅಲ್ಲಿ ಒಪ್ಪಿದರೆ ಇಡೀ ಬೆಟ್ಟಸಾಲಿನ ಕಾಡನ್ನು ಈ ತಿದ್ದುಪಡಿಯಿಂದಲೇ ಅಳೆಯುತ್ತಾರೆ. ಎಲ್ಲಿ ಕಾಡು ಮುರಿದಿದೆ, ಎಲ್ಲಿ ನೆಡಬೇಕು, ಎಲ್ಲಿ ಬಿಡಬೇಕು ಎಂಬುದೆಲ್ಲ ಆ ನಕ್ಷೆಯ ಮೇಲೆ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ತಿದ್ದುಪಡಿ ನನಗೆ ಹಿಡಿಸಿಲ್ಲ. ಮುರಿದ ಕಾಡಿನ ಮೇಲೆಲ್ಲ ಸುಳ್ಳೇ ಐದು ಮೀಟರ್ ಹಸಿರು ಸುರಿದ ಹಾಗಿದೆ. ಆದರೆ ಕೆಳಗಿನ ಅಳತೆ ಹಾಗನ್ನುತ್ತದೆ.

ಒಂದು ವಿಚಿತ್ರ. ಐದನೆಯ ಪ್ಲಾಟಿನಿಂದ ಪ್ರತಿಯೊಂದು ಮರವೂ ಹಿಂದಿನ ವರ್ಷಕ್ಕಿಂತ ಹತ್ತೊಂಬತ್ತು ಸೆಂಟಿಮೀಟರ್ ಬೆಳೆದಿದೆ, ಇಲ್ಲವೇ ಮೂವತ್ತೆಂಟು, ಇಲ್ಲವೇ ಹತ್ತೊಂಬತ್ತರ ಅರ್ಧ. ನಡುವಿನ ಅಂಕಿಯೇ ಇಲ್ಲ. ಯಂತ್ರದ ಗೀಟುಗಳೇ ಹಾಗಿದ್ದಿರಬೇಕು ಎಂದು ನಾನೇ ಸಮಜಾಯಿಷಿ ಕೊಟ್ಟೆ. ಹೌದು ತಾನೇ?

ಬರೆಯಬಾರದೆಂದಿದ್ದೆ, ಬರೆಯುತ್ತೇನೆ. ಅಮ್ಮ ಎದುರುಮನೆಯ ಟೈಲರಮ್ಮನ ಕೈಯಲ್ಲಿ ನೀರು ಕುಡಿದುಕೊಂಡು ಮಲಗಿದ್ದ ನಲವತ್ತೊಂದು ದಿನ ನೀವು ಈ ಮರಗಳ ಕೆಳಗೆ ಇದ್ದಿರಿ. ಆ ದಿನಗಳನ್ನು ಕೊಟ್ಟು ತಂದ ಅಂಕಿಗಳಿವು. ಇವಾದರೂ ಸರಿಯಾಗಿರಲಿ ಎಂದು ನನಗೆ ಎಷ್ಟು ಆಸೆಯಿದೆ ಎಂದು ನಿಮಗೆ ತಿಳಿಯದು.

ಮಗಳು

•

ಮಾರ್ಚ್ 2

ಮಗಳೇ,

ತಿದ್ದುಪಡಿ ಸೇರಿಸಬೇಡ. ಸ್ಟಾಪ್. ಯಾರಿಗೂ ಏನೂ ಕಳಿಸಬೇಡ. ಬಿಡಿಸಿ ಬರೆಯುತ್ತೇನೆ. ಕಾರ್ಡಿನಲ್ಲಿ ಜಾಗವಿಲ್ಲ, ಕಾರ್ಡನ್ನೇ ತಂದದ್ದು ಅದಕ್ಕೆ.

ಅಪ್ಪ

•

ಮಾರ್ಚ್ 15

ಮಗಳೇ,

ತಾರೀಖು ನೋಡಿದೆಯಲ್ಲ. ಬೇಕೆಂದು ಇವತ್ತು ಬರೆಯಲು ಕೂತದ್ದಲ್ಲ. ಹದಿಮೂರು ದಿನದಿಂದ ಬರೆದು ಹರಿದು, ಬರೆದು ಹರಿದು, ನಿನ್ನ ಅಮ್ಮ ಹೋದ ತಾರೀಖಿಗೇ ಬಂದು ನಿಂತೆ. ಈ ಸಲ ಪಾಯಿಂಟನ್ನು ಮೊದಲೇ ಬರೆಯುತ್ತೇನೆ.

ಐದರಿಂದ ಹನ್ನೆರಡರವರೆಗಿನ ಪ್ಲಾಟುಗಳನ್ನು ಆ ವರ್ಷ ನಾನು ಅಳೆಯಲೇ ಇಲ್ಲ. ಅಂಕಿಗಳು ಸುಳ್ಳು. ನಿನ್ನ ರೇಡಾರ್ ಸರಿ, ನಿನ್ನ ಲೆಕ್ಕ ಸರಿ.

ಇಷ್ಟು ಬರೆದು, ಎದ್ದು ನೀರು ಕುಡಿದು ಬಂದೆ.

ನಾಲ್ಕು ಪ್ಲಾಟು ಮುಗಿಸಿ ಫೆಬ್ರವರಿ ಎರಡಕ್ಕೆ ಮನೆಗೆ ಬಂದಾಗ ನಿನ್ನ ಅಮ್ಮ ಆಸ್ಪತ್ರೆಯ ಕಾಗದಗಳನ್ನು ಹಾಸಿಗೆಯ ಕೆಳಗಿಂದ ತೆಗೆದು ಕೊಟ್ಟಳು. ಡಾಕ್ಟರು ಮೂರು ತಿಂಗಳು ಎಂದಿದ್ದರಂತೆ. ರಜೆ ಕೇಳಲು ಓಡಿದೆ. ಸಾಹೇಬರು ಕೆಟ್ಟವರಲ್ಲ. ವಿಮಾನ ಬರುವ ವರ್ಷ, ಕೆಳಗಿನ ಅಳತೆ ಅದೇ ವಾರಗಳಲ್ಲಿ ಆಗಲೇಬೇಕು, ಅದೊಂದು ಹಾರಿ ಹೋಗಲಿ, ಆಮೇಲೆ ಎಷ್ಟು ಬೇಕೋ ಅಷ್ಟು ರಜೆ ತೆಗೆದುಕೊಳ್ಳಿ ಎಂದರು. ನಾನೂ ಕಾರಣ ಬಿಡಿಸಿ ಹೇಳಲಿಲ್ಲ. ಯಾರಿಗೂ ಹೇಳಕೂಡದು ಎಂದು ಇವಳ ಕಟ್ಟಪ್ಪಣೆಯಾಗಿತ್ತು, ಮುಖ್ಯವಾಗಿ ನಿನಗೆ. ‘ಅವಳ ಪರೀಕ್ಷೆ ಮಾರ್ಚ್ ಇಪ್ಪತ್ತಕ್ಕೆ ಮುಗಿಯತ್ತೆ. ಮೂರು ತಿಂಗಳಿದೆಯಲ್ಲ, ಆಮೇಲೆ ಬರ್ಲಿ.’ ಮೂರು ತಿಂಗಳು ಎಂಬ ಅಳತೆಯನ್ನು ನಾವಿಬ್ಬರೂ ನಂಬಿದೆವು.

ಮಾರನೆಯ ದಿನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಂಡಿಗೆ ಹೋದೆ. ನಮ್ಮ ಟೇಪಿನವನು, ಅದೇ ನನ್ನ ಜೊತೆ ಟೇಪು ಹಿಡಿಯುತ್ತಿದ್ದವನು, ಅಲ್ಲಿ ಕಾದಿದ್ದ. ಅಕ್ಕನ ಮನೆಗೆ ಹೋಗಿಬಾ, ಹೇಳಿ ಕಳಿಸುವವರೆಗೆ ಈ ಕಡೆ ತಲೆ ಹಾಕಬೇಡ ಎಂದೆ. ಅವನ ಬಸ್ಸು ಹೋಯಿತು. ನನ್ನದೂ ಬಂತು, ನಿಂತಿತು, ಹೋಯಿತು. ನಾನು ಹಿಂಬಾಗಿಲಿನಿಂದ ಮನೆಯೊಳಗೆ ಬಂದೆ. ಆಮೇಲೆ ನಲವತ್ತೊಂದು ದಿನ ಬೀದಿಗೆ ಮುಖ ತೋರಿಸಲಿಲ್ಲ. ಔಷಧಿ, ಸಾಮಾನು ತಂದುಕೊಟ್ಟವರು ಟೈಲರಮ್ಮ. ತಾವೊಬ್ಬರೇ ನೋಡಿಕೊಂಡದ್ದೆಂದು ಅವರು ನಿನಗೆ ಹೇಳಿದ್ದು ಇವಳು ತೆಗೆದುಕೊಂಡಿದ್ದ ಮಾತಿಗೆ ಕಟ್ಟುಬಿದ್ದು.

ಮೊದಲ ವಾರವೇ ಇವಳಿಗೆ ಚಡಪಡಿಕೆ ಶುರುವಾಯಿತು. ಕಾಡನ್ನು ಯಾರು ಅಳೆಯುತ್ತಾರೆ ಎಂದು ಒಂದೇ ಸಮ ಕೇಳಿದಳು. ಕೊನೆಗೆ ‘ಹೋದ ವರ್ಷದ ಪುಸ್ತಕ ತನ್ನಿ. ಒಂದು ಪೆನ್ಸಿಲ್ ತನ್ನಿ’ ಅಂದಳು. ನಾನು ಹೋದ ವರ್ಷದ ಎತ್ತರ ಓದುವುದು, ಅವಳು ದಿಂಬಿಗೆ ಒರಗಿಕೊಂಡು ಹೊಸದನ್ನು ಬರೆಯುವುದು. ಸುಮ್ಮನೆ ಬರೆದಳೆಂದುಕೊಂಡೆಯಾ? ಒಂದೊಂದು ಮರಕ್ಕೂ ವಿಚಾರಣೆ.

‘ಇದು ಎಲ್ಲಿದೆ?’

‘ಬಂಡೆ ಪಕ್ಕ.’

‘ಬಿಸಿಲು ಬರತ್ತಾ?’

‘ಬೆಳಗ್ಗೆ ಒಂಚೂರು.’

‘ಹಾಗಾದ್ರೆ ಒಂದು ಗೇಣು. ಪಕ್ಕದ್ದು?’

‘ಅದು ದೊಡ್ಡದರ ನೆರಳಲ್ಲಿದೆ ಕಣೇ.’

‘ಪಾಪ. ಅರ್ಧ ಗೇಣು ಸಾಕು, ಜಾಸ್ತಿ ಬರೆದ್ರೆ ಯಾರೂ ನಂಬಲ್ಲ.’

ಗೇಣು ಎಂದರೆ ಅವಳದೇ ಕೈ. ಹಾಸಿಗೆಯ ಮೇಲೆ ಬೆರಳು ಅಗಲಿಸಿ ಇಟ್ಟಳು. ನಾನು ಸ್ಕೇಲು ಹಿಡಿದೆ. ಹತ್ತೊಂಬತ್ತು ಸೆಂಟಿಮೀಟರ್. ಯಂತ್ರದ ಗೀಟು ಹೌದು ತಾನೇ ಎಂದು ಕೇಳಿದ್ದೀಯಲ್ಲ, ಆ ಯಂತ್ರ ಇದು.

ಹದಿನೇಳನೆಯ ತಾರೀಖು ಆರನೆಯ ಪ್ಲಾಟಿನಲ್ಲಿದ್ದೆವು. ಅರವತ್ತೊಂದು ನನ್ನ ಮೆಚ್ಚಿನ ಮರವೆಂದು ಅದಕ್ಕೆ ಎರಡು ಗೇಣು ಕೊಟ್ಟಳು. ಅಷ್ಟರಲ್ಲಿ ಕಿಟಕಿಯಾಚೆ ಸದ್ದು. ‘ನಿಮ್ಮ ವಿಮಾನ ಬಂತು ನೋಡಿ. ಓಡಿಹೋಗಿ ಮರದ ಕೆಳಗೆ ನಿಂತ್ಕೊಳ್ಳಿ, ಇಲ್ಲಾಂದ್ರೆ ಹಾಜರಿ ಹೋಗತ್ತೆ’ ಎಂದು ನಕ್ಕಳು. ನಕ್ಕು ನಕ್ಕು ಕೆಮ್ಮು ಬಂದು ಅರ್ಧ ಗಂಟೆ ಕೆಲಸ ನಿಂತಿತು. ಸದ್ದು ಕೇಳಿದೆ ಎಂದು ಬರೆದದ್ದು ಸುಳ್ಳಲ್ಲ. ಎಲ್ಲಿ ಕೂತು ಕೇಳಿದೆ ಎಂದು ಬರೆಯಲಿಲ್ಲ.

ಅರವತ್ತೊಂದು ಹಿಂದಿನ ಮಳೆಗಾಲದ ಗಾಳಿಗೇ ಬಿದ್ದು ಆಗಲೇ ಎಂಟು ತಿಂಗಳಾಗಿತ್ತು. ಇಳಿಜಾರಿನ ಕಾಡೆಲ್ಲ ತಲೆ ಮುರಿದುಕೊಂಡು ನಿಂತಿತ್ತು. ಮನೆಯಲ್ಲಿ ಕೂತವರಿಗೆ ಏನು ಗೊತ್ತು? ಮರುವರ್ಷ ಹೋದಾಗ ಕಣ್ಣಾರೆ ನೋಡಿದೆ. ‘ಈ ವರ್ಷದ ಗಾಳಿಗೆ’ ಎಂದು ಬರೆದು ಒಂದು ಸುಳ್ಳಿನ ಮೇಲೆ ಇನ್ನೊಂದನ್ನು ಮುಚ್ಚಿದೆ.

ಇನ್ನು ನಿನ್ನದು. ಮಾರ್ಚ್ ಹದಿನಾರಕ್ಕೆ ನೀನು ಬಂದೆ, ಒಂದು ದಿನ ತಡವಾಗಿ. ಹೊಸಲಿನಲ್ಲೇ ನಿಂತು ‘ಅಪ್ಪ, ನೀನೆಲ್ಲಿದ್ದೆ?’ ಅಂದೆ. ನನ್ನ ಪಕ್ಕದ ಕುರ್ಚಿಯಲ್ಲಿ ಸಾಹೇಬರು ಕೂತಿದ್ದರು. ‘ಕಾಡಿನಲ್ಲಿದ್ದೆ’ ಅಂದೆ. ಸಾಹೇಬರು ಎದ್ದು ಹೋದಮೇಲೆ ಹೇಳಬಹುದಿತ್ತು. ಆ ಸಂಜೆ ಹೇಳಬಹುದಿತ್ತು. ನೀನು ಆಗಲೇ ‘ನೀವು’ ಅನ್ನಲು ಶುರು ಮಾಡಿದ್ದೆ. ಹೇಳಿದರೆ ಮಗಳು ಸಿಗುತ್ತಾಳೆ, ಅಳತೆಯವರು ಎಂಬ ಹೆಸರು ಹೋಗುತ್ತದೆ. ನಾನು ಹೆಸರನ್ನು ಇಟ್ಟುಕೊಂಡೆ. ಗುರುವಾರ ಗುರುವಾರ ಪಾಠ ಹೇಳಿಕೊಂಡು ಬಂದೆ. ಇದಕ್ಕೆ ನನ್ನ ಕಾಲೇಜ್ ಇಂಗ್ಲಿಷಿನಲ್ಲಿ ಒಂದು ಮಾತಿತ್ತು, ಮರೆತುಹೋಗಿದೆ. ಕನ್ನಡದ್ದು ನೆನಪಿದೆ, ಬರೆಯಲಾರೆ.

ಬೀಗದ ಕೈ ಮೊದಲಿನಿಂದಲೂ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಕಚ್ಚಾ ಪುಸ್ತಕವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಐದನೆಯ ಪ್ಲಾಟಿನಿಂದ ಅಕ್ಷರ ಯಾರದೆಂದು ನಿನಗೆ ಹೇಳಬೇಕಾಗಿಲ್ಲ. ಸಭೆಯಲ್ಲಿ ನನ್ನ ಹೆಸರು ಹಿಡಿದೇ ಹೇಳು. ಯಾರೋ ಒಬ್ಬ ಅಳತೆಗಾರ ಎನ್ನಬೇಡ.

ಅಪ್ಪ

•

ಏಪ್ರಿಲ್ 6

ಮಗಳೇ,

ಮೂರು ವಾರವಾಯಿತು. ಪಾರ್ಸೆಲ್ ತಲುಪಿದೆ ಎಂದು ಪೋಸ್ಟಿನವರು ಹೇಳುತ್ತಾರೆ. ದಿನಾ ಹೋಗಿ ಕೇಳುತ್ತೇನೆಂದು ಕೌಂಟರಿನ ಹೆಂಗಸು ಈಗ ನನ್ನನ್ನು ಕಂಡ ಕೂಡಲೇ ತಲೆ ಅಲ್ಲಾಡಿಸುತ್ತಾರೆ.

ಸುಮ್ಮನೆ ಕೂರಲಾಗದೆ ಆಫೀಸಿಗೆ ಹೋಗಿ ನಾನೇ ಹೇಳಿದೆ. ಈಗಿನ ಸಾಹೇಬರು ಚಿಕ್ಕ ವಯಸ್ಸಿನವರು. ಪೂರ್ತಿ ಕೇಳಿಸಿಕೊಂಡರು, ಕಾಫಿ ತರಿಸಿದರು. ಕಾಫಿ ಮುಗಿದ ಮೇಲೆ, ಗುರುವಾರದ ಪಾಠಕ್ಕೆ ಇನ್ನು ತೊಂದರೆ ತೆಗೆದುಕೊಳ್ಳಬೇಡಿ ಎಂದರು. ನ್ಯಾಯವಾದ ಮಾತು. ನಾನಾಗಿದ್ದರೆ ಕಾಫಿಗೆ ಮೊದಲೇ ಹೇಳುತ್ತಿದ್ದೆ.

ಆಮೇಲೆ ಟೇಪಿನವನನ್ನು ಕರೆದುಕೊಂಡು ಆರನೆಯ ಪ್ಲಾಟಿಗೆ ಹೋದೆ. ಇಬ್ಬರದೂ ಸೇರಿಸಿದರೆ ಎರಡು ಒಳ್ಳೆಯ ಮಂಡಿ ಆಗಬಹುದು. ದಾರಿಯಲ್ಲಿ ಅವನಿಗೆ ಎಲ್ಲ ಹೇಳಿದೆ. ಅವನು ನಿಲ್ಲದೆ ನಡೆಯುತ್ತಾ, ‘ಗೊತ್ತಿತ್ತು ಬಿಡಿ. ನನ್ನನ್ನ ವಾಪಸ್ ಕರೆಸಿದಾಗ ನಿಮ್ಮ ಬೂಟು ಹೊಸದರ ಹಾಗಿತ್ತು’ ಅಂದ. ಒಂಬತ್ತು ವರ್ಷ ಈ ಮನುಷ್ಯನ ಬಾಯಲ್ಲಿ ಆ ಬೂಟು ಇತ್ತು.

ಅರವತ್ತೊಂದು ಬಿದ್ದಲ್ಲೇ ಇದೆ. ತಗಡಿನ ನಂಬರು ಇನ್ನೂ ಅಂಟಿಕೊಂಡಿದೆ, ಮರ ಮಾತ್ರ ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗಾಗಿದೆ. ನಿನ್ನ ಚಿತ್ರದ ತೂತಿನಲ್ಲಿ ಎದ್ದ ಎಳೆಯ ಮರಗಳು ಹನ್ನೊಂದು. ಮೂರು ಮೂರು ಸಲ ನೋಡಿ ಬರೆದಿದ್ದೇನೆ, ಟೇಪಿನವನು ಸಾಕ್ಷಿ. ಬೇಕಾದರೆ ಕಳಿಸುತ್ತೇನೆ. ಬೇಡವಾದರೆ ಬೇಡ.

ಅಪ್ಪ

•

ಏಪ್ರಿಲ್ 20

ಅಪ್ಪ,

ಬರೆಯಲು ತಡವಾಯಿತು. ಸಿಟ್ಟಿನಲ್ಲಿ ಬರೆದ ಎರಡು ಕಾಗದ ನನ್ನ ಮೇಜಿನಲ್ಲಿವೆ, ಅವನ್ನು ಕಳಿಸುವುದಿಲ್ಲ.

ಹನ್ನೆರಡಕ್ಕೆ ಸಭೆಯಾಯಿತು. ಎಂಟು ಪ್ಲಾಟಿನ ಅಂಕಿ ಸುಳ್ಳು, ಬರೆದವರು ನನ್ನ ತಂದೆ ಎಂದು ನಿನ್ನ ಹೆಸರು ಹೇಳಿದೆ. ತಿದ್ದುಪಡಿ ಕಿತ್ತು ಹಾಕಿದೆವು. ಉಳಿದದ್ದು ನಾಲ್ಕೇ ಪ್ಲಾಟು. ಅಷ್ಟರ ಮೇಲೆ ಯಾವ ವಿಧಾನವನ್ನೂ ಒಪ್ಪುವುದಿಲ್ಲ. ಹೊಸ ಹಾರಾಟ ಆಗಬೇಕು, ಕೆಳಗೆ ಹೊಸದಾಗಿ ಅಳೆಯಬೇಕು. ನನಗೆ ಒಂದು ವರ್ಷ ಹೆಚ್ಚು ಹಿಡಿಯುತ್ತದೆ. ಅದು ನಿನ್ನಿಂದ. ಮುಖ್ಯಸ್ಥೆ ಹೊರಗೆ ಬಂದಮೇಲೆ, ವಿಮಾನ ಭವಿಷ್ಯ ನೋಡಲಿಲ್ಲ ಅಂತಾಯ್ತಲ್ಲ, ಅಷ್ಟು ಸಾಕು ಅಂದರು.

ನನ್ನ ಒಂಬತ್ತು ವರ್ಷವನ್ನು ನೀನು ಒಂದು ರುಜುವಿಗೆ ಮಾರಿದೆ. ಅಮ್ಮ ಒಬ್ಬಳೇ ಹೋದಳು ಎಂದುಕೊಂಡು ನಾನು ನಿದ್ದೆಗೆಟ್ಟ ವರ್ಷಗಳವು. ಇದನ್ನು ಒಂದು ಸಲ ಬರೆಯಬೇಕಿತ್ತು, ಬರೆದೆ.

ಪುಸ್ತಕವನ್ನು ಆಫೀಸಿಗೆ ವಾಪಸು ಮಾಡಬೇಕು. ಅದಕ್ಕೆ ಮೊದಲು ಪ್ರತಿಯೊಂದು ಸಾಲನ್ನೂ ಓದಿದೆ. ಷರಾ ಕಾಲಮ್ಮಿನಲ್ಲಿ ನೀನು ಯಾವಾಗಲೂ ‘ಸರಿಯಿದೆ’ ಎಂದು ಬರೆಯುತ್ತೀಯ. ಅಮ್ಮ ಏನು ಬರೆದಿದ್ದಾಳೆಂದು ನಿನಗೆ ನೆನಪಿದೆಯಾ? ಏಳನೆಯ ಪ್ಲಾಟು, ಮೂರನೆಯ ಮರ: ‘ಇವತ್ತು ಗಂಜಿ ಇಳಿಯಿತು.’ ಎಂಟನೆಯ ಪ್ಲಾಟು, ನಲವತ್ತು: ‘ಕುಳ್ಳಿಯ ಫೋನು ಬಂತು. ಇವರು ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದರು.’ ಆ ಫೋನು ನನಗೆ ನೆನಪಿದೆ. ಹಿಂದೆ ಯಾರು ಕೆಮ್ಮಿದ್ದು ಎಂದು ಕೇಳಿದ್ದೆ. ರೇಡಿಯೋ ಅಂದಿದ್ದಳು.

ಎತ್ತರಗಳನ್ನು ತೆಗೆದುಹಾಕಿದೆ, ತಾರೀಖುಗಳನ್ನು ಬರೆದಿಟ್ಟುಕೊಂಡೆ. ಅವುಗಳಲ್ಲಿ ಒಂದೂ ಸುಳ್ಳಿಲ್ಲ.

ನನ್ನ ಗೇಣನ್ನೂ ಅಳೆದೆ. ಇಪ್ಪತ್ತು. ಕುಳ್ಳಿ ಎಂದು ಕರೆಯುತ್ತಿದ್ದವಳಿಗಿಂತ ಒಂದು ಸೆಂಟಿಮೀಟರ್ ಹೆಚ್ಚು.

ಹನ್ನೊಂದನೆಯ ಪ್ಲಾಟಿನಲ್ಲಿ ಹದಿನೆಂಟನೆಯ ಮರದವರೆಗೆ ಅಮ್ಮನ ಅಕ್ಷರ. ಹತ್ತೊಂಬತ್ತರಿಂದ ನಿನ್ನದು. ತಾರೀಖು ಮಾರ್ಚ್ 9. ಆ ದಿನ ಏನಾಯಿತು? ಅದೊಂದನ್ನು ಬರಿ. ಆ ಹನ್ನೊಂದು ಎಳೆಯ ಮರಗಳ ಅಳತೆಯನ್ನೂ ಕಳಿಸು.

ಕುಳ್ಳಿ

•

ಏಪ್ರಿಲ್ 27

ಕುಳ್ಳಿ,

ಹನ್ನೊಂದು ಮರಗಳ ಪಟ್ಟಿ ಇದರ ಹಿಂದೆ ಇದೆ. ಅತಿ ಎತ್ತರದ್ದು ಏಳು ಮೀಟರ್ ಹನ್ನೆರಡು.

ಮಾರ್ಚ್ ಒಂಬತ್ತರ ಬೆಳಗ್ಗೆ ಅವಳಿಗೆ ಸ್ವಲ್ಪ ಹಗುರವಾಗಿತ್ತು. ಕಿಟಕಿ ತೆಗೆಸಿದಳು. ಹದಿನೆಂಟನೆಯ ಮರ ಯಾವುದೆಂದು ಕೇಳಿದಳು. ಎರಡು ಕವಲಾಗಿ ಹೋಗಿದೆ, ಯಾವ ತುದಿ ಎತ್ತರವೆಂದು ಪ್ರತಿವರ್ಷ ನನಗೂ ಟೇಪಿನವನಿಗೂ ಜಗಳ ಎಂದೆ. ಒಂದು ಗೇಣು ಬರೆದಳು. ಹತ್ತೊಂಬತ್ತನೆಯದರ ಹಳೆಯ ಎತ್ತರ ಓದಿದೆ. ಪೆನ್ಸಿಲ್ ಹಿಡಿದ ಕೈ ಪುಟದ ಮೇಲೆಯೇ ಇತ್ತು, ಬರೆಯಲಿಲ್ಲ. ಇನ್ನೊಂದು ಸಲ ಓದಿದೆ. ಪೆನ್ಸಿಲನ್ನು ನನ್ನ ಕಡೆ ಉರುಳಿಸಿದಳು.

‘ಸಾಕಾಯ್ತು ರೀ. ಉಳಿದದ್ದನ್ನ ನೀವೇ ಬೆಳೆಸಿ.’

ಬೆಳೆಸಿದೆ. ಹತ್ತೊಂಬತ್ತರಿಂದ ಕೊನೆಯ ಪ್ಲಾಟಿನ ಕೊನೆಯ ಮರದವರೆಗೂ ನೋಡು, ಎಲ್ಲಕ್ಕೂ ಒಂದೊಂದೇ ಗೇಣು. ಯಾವುದಕ್ಕೆ ಬಿಸಿಲು, ಯಾವುದಕ್ಕೆ ನೆರಳು ಎಂದು ಕೇಳುವವರು ಇರಲಿಲ್ಲ.

ಅಪ್ಪ